ಗಮನದ ಮಾತ್ರೆ, ಎದೆಯ ಡವಡವ

ಈಚೆಗೆ ಕೆಲಸಕ್ಕೆ ಸೇರಿದ ಮನೋವೈದ್ಯರು ಆಗಾಗ ನನಗೆ ಫೋನ್ ಮಾಡುತ್ತಾರೆ. ನಿವೃತ್ತಳಾದವಳಿಗೆ ಬೇಕಾದಷ್ಟು ಪುರುಸೊತ್ತು ಇರುತ್ತದೆ ಎಂಬುದು ಅವರ ನಂಬಿಕೆ. ಅದು ನಿಜವೂ ಹೌದು. ಅವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ತಪ್ಪದೆ ಬರುತ್ತದೆ. “ಮೇಡಂ, ಮಗುಗೆ ಗಮನ ನಿಲ್ತಿಲ್ಲ. ಜೊತೆಗೆ ತುಂಬಾ ಭಯಾನೂ ಇದೆ. ಆ ಮಾತ್ರೆ ಕೊಟ್ರೆ ಭಯ ಜಾಸ್ತಿ ಆಗುತ್ತಾ, ಕಡಿಮೆ ಆಗುತ್ತಾ?” ಒಂದೇ ಮಾತಿನ ಉತ್ತರ ಬೇಕು ಅವರಿಗೆ. ನಾನು “ಎರಡೂ ಆಗುತ್ತಪ್ಪ” ಅಂದರೆ ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸುತ್ತದೆ. ಮುದುಕಿಗೆ ಅರಳುಮರಳು ಎಂದುಕೊಳ್ಳುತ್ತಾರೋ ಏನೋ. ಹಾಗಾಗಿ ಎಲ್ಲವನ್ನೂ ಬರೆದೇ ಬಿಡೋಣ ಎಂದು ಕೂತಿದ್ದೇನೆ. ನಾನು ಯಾವಾಗ ಯಾವ ಕುರ್ಚಿಗೆ ಏರಿದೆ, ಯಾರು ಹಾರ ಹಾಕಿದರು ಎಂಬುದೆಲ್ಲ ಇಲ್ಲಿ ಬರುವುದಿಲ್ಲ. ಅದು ಓದುವವರಿಗೂ ಬೇಡ, ನನಗೂ ಬೇಡ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದೆ. ಅಲ್ಲಿಂದ ವಾರದಲ್ಲಿ ಒಂದು ದಿನ ದೊಡ್ಡಬಳ್ಳಾಪುರ, ಒಂದು ದಿನ ನೆಲಮಂಗಲ, ಇನ್ನೊಂದು ದಿನ ಹೊಸಕೋಟೆ ಎಂದು ಸುತ್ತಾಡಿ ಅಲ್ಲಿನ ತಾಲೂಕು ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡುವುದು ನನ್ನ ಕೆಲಸ. ಕೊಡುತ್ತಿದ್ದ ಕೋಣೆ ಯಾವಾಗಲೂ ಕೊನೆಯದು. ಮುರಿದ ಮಂಚ, ಗ್ಲೂಕೋಸ್ ಸ್ಟ್ಯಾಂಡು, ಕುಟುಂಬ ಯೋಜನೆಯ ಹಳೆಯ ಬೋರ್ಡು, ಅವುಗಳ ನಡುವೆ ನಾನು. ಜನ ಅದನ್ನು “ತಲೆ ಡಾಕ್ಟ್ರು ರೂಮು” ಎನ್ನುತ್ತಿದ್ದರು. ಹೆಂಗಸರು ಸೆರಗು ಮುಖದ ಮೇಲೆ ಎಳೆದುಕೊಂಡು ಒಳಗೆ ಬರುತ್ತಿದ್ದರು. ಗಂಡಸರು ಹಲ್ಲುನೋವಿನ ಸಾಲಿನಲ್ಲಿ ನಿಂತಂತೆ ನಟಿಸಿ, ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಸರಿದು ನುಗ್ಗುತ್ತಿದ್ದರು.

ಆಗ ಮಕ್ಕಳನ್ನು ಯಾರೂ ಗಮನದ ತೊಂದರೆ ಎಂದು ಕರೆತರುತ್ತಿರಲಿಲ್ಲ. ಆ ಹೆಸರೇ ಊರಿಗೆ ಬಂದಿರಲಿಲ್ಲ. ತುಂಟ, ಪೋಲಿ, ಮಂದಬುದ್ಧಿ, ಗಾಳಿ ಸೋಕಿದೆ, ಹೀಗೆ ಬೇರೆ ಬೇರೆ ಹೆಸರಿನಲ್ಲಿ ಬರುತ್ತಿದ್ದರು. ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ನಮ್ಮ ಆಸ್ಪತ್ರೆಯ ಔಷಧ ವಿಭಾಗದಿಂದಲೇ ತಿಂಗಳಿಗೊಮ್ಮೆ ಸಹಿ ಹಾಕಿ ತರಬೇಕಿತ್ತು. ಅದು ಮೆದುಳನ್ನು ಚುರುಕು ಮಾಡುವ ಮಾತ್ರೆ. “ಚುರುಕು ಮಾಡೋ ಮಾತ್ರೆ ಕೊಟ್ರೆ ಈ ಮಗು ಸುಮ್ನೆ ಕೂರುತ್ತೆ” ಎಂದು ಹೇಳಿದಾಗ ಅಪ್ಪಂದಿರು ನಗುತ್ತಿದ್ದರು. ಇರೋ ಚುರುಕೇ ಸಾಲದಾ ಡಾಕ್ಟ್ರಮ್ಮ, ಎನ್ನುತ್ತಿದ್ದರು. ಮೆದುಳಿನಲ್ಲಿ ಬ್ರೇಕು ಹಾಕುವ ಭಾಗವೇ ನಿದ್ದೆ ಮಾಡುತ್ತಿದೆ, ಮಾತ್ರೆ ಅದನ್ನು ಎಬ್ಬಿಸುತ್ತದೆ ಎಂದು ನಾನು ಬಿಡಿಸಿ ಹೇಳುತ್ತಿದ್ದೆ. ಆಗ ಸಿಗುತ್ತಿದ್ದ ಮಾತ್ರೆಯ ಕೆಲಸ ಮೂರು ನಾಲ್ಕು ಗಂಟೆಯಲ್ಲಿ ಮುಗಿದು ಹೋಗುತ್ತಿತ್ತು. ಇಡೀ ದಿನ ನಿಲ್ಲುವಂಥದ್ದು ಬಂದದ್ದು ಬಹಳ ಆಮೇಲೆ.

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಚೀಫ್ ಎನ್ನುತ್ತಿದ್ದೆವು. ಬಹಳ ಒಳ್ಳೆಯ ವೈದ್ಯರು, ಬಹಳ ಕೆಟ್ಟ ಕೇಳುಗರು. ಪ್ರಶ್ನೆಯನ್ನೂ ಅವರೇ ಕೇಳಿ ಉತ್ತರವನ್ನೂ ಅವರೇ ಹೇಳಿಬಿಡುತ್ತಿದ್ದರು. ಈ ಮಾತ್ರೆಯ ವಿಷಯದಲ್ಲಿ ಅವರದು ಕಡ್ಡಿ ಮುರಿದಂಥ ಒಂದೇ ಮಾತು: “ಹೆದರೋ ಮಗುಗೆ ಅದನ್ನ ಮುಟ್ಟಿಸ್ಬೇಡಿ.” ಕಾರಣವೂ ಇತ್ತು. ಅದು ನಾಡಿ ಏರಿಸುತ್ತದೆ, ಹಸಿವು ಕೊಲ್ಲುತ್ತದೆ, ಹೊತ್ತು ಮೀರಿ ಕೊಟ್ಟರೆ ನಿದ್ದೆ ಕೆಡಿಸುತ್ತದೆ. ಮೊದಲೇ ಡವಡವ ಎನ್ನುವ ಎದೆಗೆ ಇನ್ನಷ್ಟು ಡವಡವ ಯಾಕೆ ಎಂಬುದು ಅವರ ವಾದ. ಆ ವಾದ ಅರ್ಧ ಸರಿ. ಇನ್ನರ್ಧ ನನಗೆ ಈ ತಾಲೂಕುಗಳ ಮಕ್ಕಳಿಂದ ಗೊತ್ತಾಯಿತು.

ಸರಿಯಾದ ಅರ್ಧವನ್ನೇ ಮೊದಲು ಹೇಳುತ್ತೇನೆ. ತ್ಯಾಮಗೊಂಡ್ಲು ಕಡೆಯಿಂದ ಮಂಜ ಎಂಬ ಹುಡುಗನನ್ನು ಅವನ ಸೋದರಮಾವ ನೆಲಮಂಗಲಕ್ಕೆ ಕರೆತಂದ. ಪಾಠದ ಹೊತ್ತಿನಲ್ಲಿ ಹುಡುಗ ಬೋರ್ಡು ನೋಡುವುದಿಲ್ಲ, ಯಾವಾಗಲೂ ಕಿಟಕಿಯಾಚೆ ನೋಡುತ್ತಾನೆ ಎಂದು ಮೇಷ್ಟ್ರ ದೂರು. ಬೆಂಗಳೂರಿನ ನಮ್ಮ ಆಸ್ಪತ್ರೆಯಲ್ಲೇ ಯಾರೋ ವೈದ್ಯರು ಆಗಲೇ ಮಾತ್ರೆ ಶುರು ಮಾಡಿದ್ದರು. ಅದಾದ ಮೇಲೆ ಹುಡುಗ ಅಂಗಿಯ ಕಾಲರ್ ಕಚ್ಚಿ ಕಚ್ಚಿ ಹರಿದು ಹಾಕಿದ್ದ, ನಿದ್ದೆ ಬಿಟ್ಟಿದ್ದ. ನಾನು ಮಾವನನ್ನು ಆಚೆ ಕಳಿಸಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

“ಕಿಟ್ಕಿ ಆಚೆ ಏನ್ ನೋಡ್ತೀಯೋ?”

“ರಸ್ತೆ.”

“ರಸ್ತೇಲಿ ಅಂಥಾದ್ದು ಏನಿದೆ?”

“ಯಾರಾದ್ರೂ ನನ್ ಕರ್ಯಕ್ ಬರ್ತಾರಾ ಅಂತ.”

“ಯಾಕೋ ಕರೀತಾರೆ?”

“ಅಮ್ಮ ಬಿದ್ರೆ.”

ಅಷ್ಟೇ ಸಾಕಾಯಿತು. ತಾಯಿಗೆ ಮೂರ್ಛೆರೋಗ. ಒಮ್ಮೆ ಒಲೆಯ ಮುಂದೆ ಬಿದ್ದು ತೋಳು ಸುಟ್ಟುಕೊಂಡಿದ್ದಳು. ಆಗ ಮನೆಯಲ್ಲಿದ್ದವನು ಈ ಹುಡುಗ ಒಬ್ಬನೇ. ತಾನು ಶಾಲೆಗೆ ಹೋದರೆ ಅವಳನ್ನು ಬೆಂಕಿಯಿಂದ ಈಚೆ ಎಳೆಯುವವರು ಯಾರೂ ಇಲ್ಲ ಎಂಬುದು ಅವನ ತಲೆಯಲ್ಲಿ ಕೂತಿತ್ತು. ಹುಡುಗನಿಗೆ ಗಮನ ಇಲ್ಲದೆ ಇರಲಿಲ್ಲ. ಇದ್ದಷ್ಟೂ ಗಮನವನ್ನು ಅವನು ರಸ್ತೆಯ ಮೇಲೆ ಇಟ್ಟಿದ್ದ. ಅಂಥವನಿಗೆ ಈ ಮಾತ್ರೆ ಕೊಟ್ಟರೆ ರಸ್ತೆಯನ್ನು ಇನ್ನೂ ಚೆನ್ನಾಗಿ ನೋಡುತ್ತಾನೆ, ಇನ್ನೂ ಹೆಚ್ಚು ಹೆದರುತ್ತಾನೆ. ಅವನ ಮಾತ್ರೆ ನಿಲ್ಲಿಸಿ, ತಾಯಿಯನ್ನು ಕರೆಸಿ ಅವಳಿಗೆ ಮೂರ್ಛೆಯ ಮಾತ್ರೆ ಶುರು ಮಾಡಿದೆ. ತಾಯಿ ಬೀಳುವುದು ನಿಂತ ಮೇಲೆ ಮಗನ ಕಣ್ಣು ತಾನಾಗಿಯೇ ಬೋರ್ಡಿನ ಕಡೆ ತಿರುಗಿತು. ಇದನ್ನು ಹೇಳಿದಾಗ ಚೀಫ್ ಮೇಜು ಕುಟ್ಟಿ “ನೋಡಿದ್ರಾ? ನಾನ್ ಹೇಳ್ಲಿಲ್ವಾ?” ಎಂದರು. ಆ ಇಡೀ ವಾರ ಅವರ ಮುಖದಲ್ಲಿ ಹಬ್ಬದ ಕಳೆ.

ಇನ್ನೊಂದು ಹೊಸಕೋಟೆಯದು. ಅನುಗೊಂಡನಹಳ್ಳಿಯ ಒಂದು ಮನೆಯಲ್ಲಿ ಚಿಕ್ಕ ಮಗನಿಗೆ ಈ ಮಾತ್ರೆ ಚೆನ್ನಾಗಿ ಹಿಡಿದಿತ್ತು. ಪಿಯುಸಿ ಓದುತ್ತಿದ್ದ ದೊಡ್ಡ ಮಗ ಅದನ್ನು ನೋಡಿಕೊಂಡಿದ್ದ. ಪರೀಕ್ಷೆಯ ದಿನ ತಮ್ಮನ ಡಬ್ಬಿಗೆ ಕೈ ಹಾಕಿ, ಒಂದಕ್ಕೆ ಎರಡು ನುಂಗಿ, ಮೇಲೆ ಒಂದು ಲೋಟ ಗಟ್ಟಿ ಕಾಫಿ ಕುಡಿದು ಹೋಗಿದ್ದಾನೆ. ಮಧ್ಯಾಹ್ನ ಗೆಳೆಯನೊಬ್ಬ ಅವನನ್ನು ಮೊಪೆಡ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ತಂದ. “ಗುರು, ನಾನ್ ಉಳಿಯಲ್ಲ ಕಣೋ, ಎದೆ ಒಡೆದೋಗುತ್ತೆ ಕಣೋ” ಎಂದು ಅವನು ಗೆಳೆಯನ ಭುಜ ಹಿಡಿದು ಅಳುತ್ತಿದ್ದ. ನಾಡಿ ಓಡುತ್ತಿತ್ತು, ಬೆವರು ಸುರಿಯುತ್ತಿತ್ತು. ಪರೀಕ್ಷೆಯಲ್ಲಿ ಏನು ಬರೆದೆ ಎಂದು ಕೇಳಿದರೆ, ಮೊದಲನೆಯ ಚಿತ್ರವನ್ನೇ ಸ್ಕೇಲು ಇಟ್ಟು ಗೆರೆ ತಿದ್ದಿ ತಿದ್ದಿ ಬರೆಯುವುದರಲ್ಲಿ ಹೊತ್ತೆಲ್ಲ ಕಳೆದಿದ್ದನಂತೆ. ನೀರು ಕುಡಿಸಿ, ಮಲಗಿಸಿ, ಮಾತ್ರೆಯ ಕೆಲಸ ಮುಗಿಯುವ ತನಕ ಪಕ್ಕದಲ್ಲಿ ಕೂತು ಬೈದೆ. ಅವನ ಅಪ್ಪನಿಗೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಲು ಹೇಳಿದೆ. ಬೇಡದ ತಲೆಗೆ, ಬೇಡದ ಅಳತೆಯಲ್ಲಿ ಹೋದರೆ ಆ ಮಾತ್ರೆ ಏನು ಮಾಡುತ್ತದೆ ಎಂಬುದಕ್ಕೆ ನಾನು ಆಮೇಲೆ ಎಲ್ಲರಿಗೂ ಕೊಡುತ್ತಿದ್ದ ಉದಾಹರಣೆ ಅದು.

ಈಗ ಶಶಿಕಲಾ. ನನ್ನ ವೃತ್ತಿಯಲ್ಲಿ ನಾನು ಹೆಚ್ಚು ಕಲಿತದ್ದು ಇವಳಿಂದ.

ಶಶಿಕಲಾ ದೊಡ್ಡಬಳ್ಳಾಪುರದ ನೇಯ್ಗೆಯವರ ಮಗಳು. ಏಳನೇ ತರಗತಿ. ಮನೆಯ ಮುಂದಿನ ಹಾಲಿನಲ್ಲೇ ಪವರ್‌ಲೂಮು, ಅದರ ಹಿಂದೆ ಅಡುಗೆಮನೆ. ಅವಳನ್ನು ಕರೆತಂದ ತಾಯಿ ಸರಸ್ವತಮ್ಮ ಗಮನದ ಮಾತನ್ನೇ ಎತ್ತಲಿಲ್ಲ. ಮಗಳಿಗೆ ಭಯ, ಅದೊಂದೇ ದೂರು. ಬೆಳಗಾದರೆ ಹೊಟ್ಟೆನೋವು, ಅಂಗೈ ಬೆವರು, ಶಾಲೆಯ ಗೇಟು ಕಂಡರೆ ವಾಂತಿ. ಹುಡುಗಿಯ ತೋಳಿನಲ್ಲಿ ಆಗಲೇ ಒಂದು ತಾಯತ, ಕೊರಳಿನಲ್ಲಿ ಇನ್ನೊಂದು. ಬೇರೆ ವೈದ್ಯರು ಬರೆದುಕೊಟ್ಟ ಟಾನಿಕ್ಕು, ನಿದ್ದೆ ಮಾತ್ರೆ ಎಲ್ಲ ಮುಗಿದಿದ್ದವು.

“ಇವ್ರಪ್ಪ ಹೇಳ್ಬಿಟ್ಟಿದ್ದಾರೆ ಡಾಕ್ಟ್ರಮ್ಮ,” ಎಂದಳು ಸರಸ್ವತಮ್ಮ. “ಸಂಕ್ರಾಂತಿ ತನಕ ನೋಡ್ತೀನಿ, ಆಮೇಲೆ ಸ್ಕೂಲ್ ಬಿಡ್ಸಿ ಕಂಡಿಕೆ ಸುತ್ತಕ್ಕೆ ಕೂರುಸ್ತೀನಿ ಅಂತ. ದಿನಾ ವಾಂತಿ ಮಾಡ್ಕೊಂಡು ಹೋಗಿ ಏನ್ ಓದ್ತಾಳೆ ಅಂತಾರೆ. ಅವ್ರದೂ ತಪ್ಪಲ್ಲ.”

ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಅದನ್ನು ಸುತ್ತಲು ಕೂತ ಹೆಣ್ಣುಮಕ್ಕಳು ಮತ್ತೆ ಶಾಲೆಗೆ ಎದ್ದು ಹೋದದ್ದನ್ನು ನಾನು ಆ ಊರಿನಲ್ಲಿ ನೋಡಿರಲಿಲ್ಲ. ನಾನು ಹುಡುಗಿಯನ್ನೇ ಕೇಳಿದೆ, ನಿನಗೆ ಸ್ಕೂಲು ಇಷ್ಟ ಇಲ್ಲವಾ ಎಂದು.

“ನಂಗೆ ಸ್ಕೂಲ್ ಇಷ್ಟ ಮೇಡಂ,” ಎಂದಳು ಅವಳು. “ಸ್ಕೂಲ್‌ಗೇ ನಾನ್ ಇಷ್ಟ ಇಲ್ಲ.”

ಆ ಮಾತು ಕೇಳಿ ನನಗೆ ಸಂಕಟವಾಯಿತು. ಈ ಹುಡುಗಿಯನ್ನು ಕಂಡಿಕೆಗೆ ಬಿಡುವುದಿಲ್ಲ ಎಂದು ಆಗಲೇ ಹಟ ಹಿಡಿದೆ. ವೈದ್ಯರು ಹಟ ಹಿಡಿಯಬಾರದು ಎಂದು ಪುಸ್ತಕಗಳು ಹೇಳುತ್ತವೆ. ಪುಸ್ತಕ ಬರೆದವರು ಶಶಿಯನ್ನು ನೋಡಿರಲಿಲ್ಲ.

ಭಯವೂ ಗಮನದ ತೊಂದರೆಯೂ ಒಟ್ಟಿಗೆ ಇದ್ದಾಗ ನಾನು ಮೊದಲು ಕೇಳುವುದು ಯಾವುದು ಮೊದಲು ಬಂತು ಎಂದು. ಸರಸ್ವತಮ್ಮ ನೆನಪು ಮಾಡಿಕೊಂಡು ಹೇಳಿದಳು. ಭಯ ಶುರುವಾದದ್ದು ನಾಲ್ಕನೇ ತರಗತಿಯಿಂದ. ಅದಕ್ಕೂ ಮುಂಚೆ? “ಮುಂಚೆಯಿಂದ್ಲೂ ಇವಳು ಮರೆಗುಳಿ. ಉಪ್ಪು ತಾ ಅಂತ ಕಳ್ಸಿದ್ರೆ ಅಂಗ್ಡಿ ಮುಂದೆ ನಿಂತು ಬೆಕ್ಕು ನೋಡ್ಕೊಂಡು ಬಂದ್ಬಿಡ್ತಿದ್ಲು. ಎಷ್ಟ್ ಜೊತೆ ಚಪ್ಲಿ ಕಳ್ದವ್ಳೋ ದೇವ್ರಿಗೇ ಗೊತ್ತು.” ಶಾಲೆಗೆ ಹೋಗಿ ಅವಳ ಟೀಚರನ್ನು ಕಂಡೆ. ಹೋಮ್‌ವರ್ಕು ಅರ್ಧ, ಲೆಕ್ಕ ಅರ್ಧ, ಕೇಳಿದ ಪ್ರಶ್ನೆಗೆ ಎದ್ದು ನಿಂತು ಕಣ್ಣು ಕಣ್ಣು ಬಿಡುವುದು, ಆಮೇಲೆ ಬೆಂಚಿನ ಮೇಲೆ ನಿಲ್ಲುವುದು. ಇದು ದಿನಚರಿ. ಗಲಾಟೆ ಮಾಡದ ಹುಡುಗಿಯಾದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ದಿನವೂ ಬೆಂಚಿನ ಮೇಲೆ ನಿಲ್ಲಿಸಿದರೆ ಯಾರಿಗೆ ತಾನೇ ಹೊಟ್ಟೆನೋವು ಬರುವುದಿಲ್ಲ? ಇಲ್ಲಿ ಭಯ ಮೂಲವಲ್ಲ, ಗಮನ ತಪ್ಪಿದ್ದರ ಫಲ ಎಂದು ನನಗೆ ಖಾತ್ರಿಯಾಯಿತು.

ಚೀಫ್ ಒಪ್ಪಲಿಲ್ಲ. “ಭಯ ಇದೆ ತಾನೇ? ಹಾಗಾದ್ರೆ ಬೇಡ,” ಎಂದರು. ನಾನು ವಾದಿಸಿದೆ. ಮಂಜನಲ್ಲಿ ಭಯ ಮೊದಲು, ಇವಳಲ್ಲಿ ಭಯ ಆಮೇಲೆ ಎಂದೆ. ಸುಮಾರು ಹೊತ್ತು ಜಗಳವಾಡಿದ ಮೇಲೆ ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಲು ಒಪ್ಪಿದರು, ಆದರೆ ಮಗುವನ್ನು ತಾವೇ ನೋಡಬೇಕು ಎಂದರು. ಸರಸ್ವತಮ್ಮ ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಬಂದಳು. ಚೀಫ್ ಎದೆ ಪರೀಕ್ಷಿಸಿ, ತೂಕ ನೋಡಿ, ಎಲ್ಲ ತಾಯಂದಿರಿಗೂ ಹೇಳುವುದನ್ನೇ ಅವಳಿಗೂ ಹೇಳಿದರು: “ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದು. ಓದೋಕೆ ಕೂರೋ ಅರ್ಧ ಗಂಟೆ ಮುಂಚೆ ಅರ್ಧ.” ಬೆಂಗಳೂರಿನ ಮಕ್ಕಳು ಶಾಲೆಯಿಂದ ಬಂದು, ಹಾಲು ಕುಡಿದು, ಹೊತ್ತಿಗೆ ಸರಿಯಾಗಿ ಮೇಜಿನ ಮುಂದೆ ಕೂರುತ್ತಿದ್ದರು. ಆ ಮಾತು ಅಲ್ಲಿ ಚೆನ್ನಾಗಿಯೇ ನಡೆದಿತ್ತು.

ಮೊದಲ ಕೆಲವು ವಾರ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶಶಿ ಲೆಕ್ಕ ಮುಗಿಸತೊಡಗಿದಳು. ಹೇಳಿದ್ದು ನೆನಪಿಡತೊಡಗಿದಳು. ಬೆಂಚು ತಪ್ಪಿತು, ಹೊಟ್ಟೆನೋವು ಕಡಿಮೆಯಾಯಿತು, ವಾಂತಿ ನಿಂತೇ ಹೋಯಿತು. ಸರಸ್ವತಮ್ಮ ಒಂದು ಡಬ್ಬಿ ಒಬ್ಬಟ್ಟು ತಂದು ನನ್ನ ಮೇಜಿನ ಮೇಲೆ ಇಟ್ಟಳು. ನಾನು ಅದರಲ್ಲಿ ಎರಡನ್ನು ಚೀಫ್‌ಗೆ ಒಯ್ದು ಕೊಟ್ಟೆ, ಬೇಕೆಂದೇ.

ಆಮೇಲೆ ಎಲ್ಲ ಕೆಟ್ಟಿತು. ಒಬ್ಬಟ್ಟಿನ ನಂತರದ ಭೇಟಿಗೆ ಬಂದ ಶಶಿಯ ಕಣ್ಣು ಒಳಗೆ ಹೋಗಿದ್ದವು. ಊಟ ಸೇರದು, ನಿದ್ದೆ ಬಾರದು, ಎದೆ ಹೊಡೆದುಕೊಳ್ಳುತ್ತದೆ, ಕತ್ತಲಾದರೆ ತಾಯಿಯ ಸೆರಗು ಬಿಡುವುದಿಲ್ಲ. ಈ ಸಲದ ಭಯ ಶಾಲೆಯದಾಗಿರಲಿಲ್ಲ. ಏನೋ ಆಗುತ್ತದೆ ಎಂಬ ಭಯ, ಏನು ಎಂದು ಅವಳಿಗೇ ಗೊತ್ತಿರಲಿಲ್ಲ. ಅದರ ಮುಂದಿನ ವಾರ ನೋಡಿದರೆ ಮತ್ತೆ ಸರಿ. ಮತ್ತೊಂದು ವಾರ ಇನ್ನೂ ಕೆಟ್ಟದ್ದು. ಸರಸ್ವತಮ್ಮ ಅಮಾವಾಸ್ಯೆಯ ಮೇಲೆ ತಪ್ಪು ಹೊರಿಸಿದಳು. ಚೀಫ್ ಮಾತ್ರೆಯ ಮೇಲೆ ಹೊರಿಸಿದರು.

“ಸಾಕು ನಿಲ್ಲಿಸ್ರೀ,” ಎಂದರು ಅವರು. “ಭಯ ಇರೋ ಮಗುಗೆ ಕೊಡಬಾರ್ದು ಅಂದ್ರೆ ಕೊಡಬಾರ್ದು. ನಿಮ್ಗೆ ಹಟ.”

ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಮಾತ್ರೆ ನಿಲ್ಲಿಸಿದರೆ ಶಶಿ ಮತ್ತೆ ಬೆಂಚಿನ ಮೇಲೆ, ಅಲ್ಲಿಂದ ಕಂಡಿಕೆಯ ಮುಂದೆ. ಮುಂದುವರಿಸಿದರೆ ಹುಡುಗಿ ಸೊರಗುತ್ತಾಳೆ. ನನಗೆ ದಿಕ್ಕೇ ತೋಚಲಿಲ್ಲ. ಒಂದು ವಿಷಯ ಮಾತ್ರ ತಲೆ ತಿನ್ನುತ್ತಿತ್ತು. ಮಾತ್ರೆ ದೇಹಕ್ಕೆ ಒಗ್ಗದಿದ್ದರೆ ದಿನವೂ ಒಗ್ಗಬಾರದು. ಒಂದು ವಾರ ಒಗ್ಗಿ ಒಂದು ವಾರ ಒಗ್ಗದಿರುವ ಔಷಧವನ್ನು ನಾನು ಕಂಡಿರಲಿಲ್ಲ. ಕೊಡುತ್ತಿರುವುದು ಸರಿಯಾಗಿದೆಯೇ ಎಂದು ತಾಯಿಯನ್ನು ಕೇಳಿದರೆ, “ದೊಡ್ಡ ಡಾಕ್ಟ್ರು ಹೇಳ್ದಂಗೇ ಕೊಡ್ತಿದ್ದೀನಿ, ಒಂದ್ ದಿನ ತಪ್ಸಿಲ್ಲ” ಎಂದು ಆಣೆ ಮಾಡುತ್ತಿದ್ದಳು. ಆಕೆ ಸುಳ್ಳು ಹೇಳುವ ಹೆಂಗಸಲ್ಲ.

ಒಂದು ದಿನ ರೋಗಿಗಳು ಮುಗಿದ ಮೇಲೆ ಜೀಪಿನವನಿಗೆ ಕಾಯಲು ಹೇಳಿ ಅವರ ಮನೆಗೇ ನಡೆದುಕೊಂಡು ಹೋದೆ. ಬೀದಿಯ ತುದಿಯಿಂದಲೇ ಮಗ್ಗಗಳ ಸದ್ದು. ಒಳಗೆ ಕಾಲಿಟ್ಟ ಮೇಲೆ ನನ್ನ ಮಾತು ನನಗೇ ಕೇಳಿಸಲಿಲ್ಲ. ಶಶಿಯ ತಂದೆ ವೆಂಕಟೇಶಪ್ಪ ಮಗ್ಗದ ಪಕ್ಕದಿಂದ ಕೈ ಮುಗಿದು, ಸನ್ನೆಯಲ್ಲೇ ಕೂರಲು ಹೇಳಿದರು. ಆ ಮನೆಯವರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಸರಸ್ವತಮ್ಮ ಕೈಯಾಡಿಸಿ ಕಾಫಿಯೋ ಮಜ್ಜಿಗೆಯೋ ಎಂದು ಕೇಳಿದಳು. ಆಗತಾನೇ ಶಾಲೆಯಿಂದ ಬಂದಿದ್ದ ಶಶಿ ಗೋಡೆಗೊರಗಿ ಸುಮ್ಮನೆ ಕೂತಿದ್ದಳು. ಓದುವುದಿಲ್ಲವಾ ಎಂದು ನಾನು ಕೂಗಿ ಕೇಳಿದೆ. ಅವಳು ಮಗ್ಗದ ಕಡೆ ಬೆರಳು ತೋರಿಸಿ ತಲೆಯಾಡಿಸಿದಳು.

ಹೊರಗೆ ಹೊತ್ತು ಇಳಿಯುತ್ತಿತ್ತು. ನಾನು ಮಜ್ಜಿಗೆ ಕುಡಿದು ಮುಗಿಸುವಷ್ಟರಲ್ಲಿ ಕರೆಂಟ್ ಹೋಯಿತು. ಮನೆಯ ಮಗ್ಗ ನಿಂತಿತು, ಬೀದಿಯ ಮಗ್ಗಗಳೂ ನಿಂತವು. ಅಷ್ಟು ಸದ್ದಿನ ನಂತರದ ಆ ಮೌನಕ್ಕೆ ನನ್ನ ಕಿವಿ ಗುಂಯ್ ಎಂದಿತು. ವೆಂಕಟೇಶಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಜಗಲಿಗೆ ಹೋದರು. ಅಡುಗೆಮನೆಯಿಂದ ಸರಸ್ವತಮ್ಮನ ದನಿ ಬಂತು.

“ಶಶೀ, ಕರೆಂಟ್ ಹೋಯ್ತು, ಪುಸ್ತಕ ತಗೋ!”

ಲಾಟೀನು ಹಚ್ಚಿ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಒಂದು ಲೋಟ ನೀರು, ಮಾತ್ರೆಯ ಡಬ್ಬಿ. ನಾನು ಥಟ್ಟನೆ ಎದ್ದು ನಿಂತೆ.

“ಏನಮ್ಮ ಇದು, ಈಗ ಮಾತ್ರೆ?”

“ನಿಮ್ ದೊಡ್ಡ ಡಾಕ್ಟ್ರೇ ಹೇಳಿದ್ದಲ್ವಾ, ಓದಕ್ ಕೂರೋ ಮುಂಚೆ ಕೊಡಿ ಅಂತ? ಕರೆಂಟ್ ಇದ್ರೆ ಈ ಮನೇಲಿ ಓದಕ್ಕಾಗುತ್ತಾ ನೀವೇ ಹೇಳಿ. ಕರೆಂಟ್ ಹೋದ್ರೇನೇ ಓದೋದು.”

“ನಿನ್ನೆ ಯಾವಾಗ ಕೊಟ್ರಿ?”

“ನಿನ್ನೆ ಊಟ ಆದ್ಮೇಲೆ ಹೋಯ್ತು. ಆಗ ಕೊಟ್ಟು ಓದಕ್ ಕೂರ್ಸಿದೆ.”

“ಮೊನ್ನೆ?”

“ಮೊನ್ನೆ ಹಾಳಾದ್ದು ಎರಡು ಸಲ ಹೋಯ್ತು. ಎರಡು ಸಲಾನೂ ಓದುಸ್ದೆ, ಎರಡು ಸಲಾನೂ ಕೊಟ್ಟೆ. ಒಂದೊಂದ್ ದಿನ ಹೋಗೋದೇ ಇಲ್ಲ, ಆವತ್ತಿಂದು ಉಳ್ಕೊಳುತ್ತೆ. ತಿಂಗ್ಳಿಗೆ ಸರಿಯಾಗಿ ಸಾಕಾಗುತ್ತೆ.”

ನಾನು ಮತ್ತೆ ಕುಸಿದು ಕೂತೆ. ಮೊದಲು ನಗು ಬಂತು, ಆಮೇಲೆ ಸಿಟ್ಟು, ಆಮೇಲೆ ಆ ತಾಯಿಯ ಮೇಲೆ ಹೇಳಲಾರದಷ್ಟು ಪ್ರೀತಿ. ಮಾತ್ರೆ ತಪ್ಪಿಸುವವರನ್ನು ನಾನು ಬೇಕಾದಷ್ಟು ಜನ ನೋಡಿದ್ದೆ. ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿ ಮಗಳ ನಿದ್ದೆ ಕೆಡಿಸಿದವರನ್ನು ನೋಡಿರಲಿಲ್ಲ. ವಿದ್ಯುತ್ ಮಂಡಳಿಯವರು ಆಗ ಪಾಳಿಯ ಮೇಲೆ ಕರೆಂಟ್ ತೆಗೆಯುತ್ತಿದ್ದರು. ಒಂದು ವಾರ ಸಂಜೆ, ಒಂದು ವಾರ ರಾತ್ರಿ, ಮಧ್ಯೆ ಹೇಳದೆ ಕೇಳದೆ. ಸಂಜೆ ಹೋದ ವಾರ ಶಶಿ ಚೆನ್ನಾಗಿದ್ದಳು. ರಾತ್ರಿ ಹೋದ ವಾರ ಮಲಗುವ ಹೊತ್ತಿಗೆ ಸರಿಯಾಗಿ ಮೆದುಳು ಎದ್ದು ಕೂರುತ್ತಿತ್ತು. ನಿದ್ದೆಯಿಲ್ಲದ, ಉಣ್ಣದ ಮಗುವಿಗೆ ಎದೆ ಹೊಡೆದುಕೊಳ್ಳದೆ ಇನ್ನೇನಾಗುತ್ತದೆ? ಅವಳ ಭಯ ಅಮಾವಾಸ್ಯೆಯಿಂದಲೂ ಬಂದಿರಲಿಲ್ಲ, ನೇರವಾಗಿ ಮಾತ್ರೆಯಿಂದಲೂ ಬಂದಿರಲಿಲ್ಲ. ಮಾತ್ರೆ ನುಂಗಿದ ಹೊತ್ತಿನಿಂದ ಬಂದಿತ್ತು.

ಅಲ್ಲೇ ಜಗಲಿಯ ಮೇಲೆ ಕೂತು ಎಲ್ಲವನ್ನೂ ಮತ್ತೆ ಹೊಂದಿಸಿದೆ. ಬೆಳಿಗ್ಗೆ ಹೊಟ್ಟೆ ತುಂಬ ತಿಂದ ಮೇಲೆ ಒಂದು. ಅರ್ಧವನ್ನು ಮಧ್ಯಾಹ್ನದ ಊಟವಾದ ಮೇಲೆ ಶಾಲೆಯಲ್ಲಿ ಟೀಚರೇ ಕೊಡಬೇಕು. ಸಂಜೆಯಿಂದಾಚೆ ಕರೆಂಟ್ ಹೋಗಲಿ ಬರಲಿ, ಡಬ್ಬಿ ಮುಟ್ಟಬಾರದು. ಇಷ್ಟಕ್ಕೆ ತಾಯಿ ಒಪ್ಪಿದಳು. ಉಳಿದದ್ದು ಓದಿನ ಹೊತ್ತು. ಅದಕ್ಕೆ ದಿನವೂ ಸಂಜೆ, ಕರೆಂಟ್ ಇದ್ದರೂ, ಒಂದು ಗಂಟೆ ಮಗ್ಗ ನಿಲ್ಲಿಸಬೇಕು ಎಂದೆ.

ವೆಂಕಟೇಶಪ್ಪ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. “ಕರೆಂಟ್ ಇರೋವಾಗ ಮಗ್ಗ ನಿಲ್ಸೋದಾ? ನೀವು ನೇಯ್ಗೆ ಮನೇಲಿ ಹುಟ್ಟಿಲ್ಲ ಬಿಡಿ ಡಾಕ್ಟ್ರಮ್ಮ.”

“ಹುಟ್ಟಿಲ್ಲಪ್ಪ. ನಿಮ್ ಮಗಳು ಹುಟ್ಟಿದ್ದಾಳೆ. ಈ ಗಲಾಟೇಲಿ ಅವಳಿಗೆ ಓದಿದ್ದು ಹೇಗ್ ತಲೆಗೆ ಹೋಗ್ಬೇಕು?”

ಒಳಗೆ ಲಾಟೀನಿನ ಮುಂದೆ ಶಶಿ ಬಾಯಿಬಿಟ್ಟು ಪದ್ಯ ಓದಿಕೊಳ್ಳುತ್ತಿದ್ದಳು. ವೆಂಕಟೇಶಪ್ಪ ಆ ಕಡೆ ಕಿವಿ ಇಟ್ಟರು. ಮಗ್ಗ ನಿಂತರೆ ಸಾಕು ಬೀಡಿ ಸೇದಲು ಆಚೆ ಹೋಗುವ ಮನುಷ್ಯ, ಮಗಳು ಓದುವುದನ್ನು ಸರಿಯಾಗಿ ಕೇಳಿಸಿಕೊಂಡದ್ದು ಅದೇ ಮೊದಲಿರಬೇಕು. “ಒಂದ್ ಗಂಟೆ,” ಎಂದರು ಕೊನೆಗೆ. “ಸಂಕ್ರಾಂತಿ ತನಕ. ಆಮೇಲೆ ನಾನ್ ಹೇಳ್ದಂಗೆ.”

ಚೀಫ್‌ಗೆ ವರದಿ ಒಪ್ಪಿಸಿದಾಗ ಅವರ ಮುಖ ಕೆಂಪಾಯಿತು. “ದೊಡ್ಡಬಳ್ಳಾಪುರದಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ನಂಗ್ ಹೇಗ್ರೀ ಗೊತ್ತಾಗ್ಬೇಕು?” ಎಂದರು.

“ಕೇಳ್ಬೇಕು ಸಾರ್,” ಎಂದೆ.

ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಆದರೆ ಮನುಷ್ಯ ಸಣ್ಣವರಲ್ಲ. ಮೂರನೆಯ ದಿನ ನೋಡಿದರೆ ಒಬ್ಬ ತಾಯಿಯನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ಮಗ ಎಷ್ಟು ಹೊತ್ತಿಗೆ ಏಳುತ್ತಾನೆ, ಏನು ತಿನ್ನುತ್ತಾನೆ, ಮನೆಯಲ್ಲಿ ಯಾವಾಗ ಸದ್ದು, ಯಾವಾಗ ಮೌನ ಎಂದು ಒಂದೊಂದಾಗಿ ಕೇಳುತ್ತಿದ್ದರು. ಆಕೆ ಉತ್ತರ ಹೇಳಿ ಮುಗಿಸುವ ತನಕ ಕಾಯುತ್ತಲೂ ಇದ್ದರು. ಆಮೇಲೆ ಬಂದ ವಿದ್ಯಾರ್ಥಿಗಳಿಗೆಲ್ಲ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, “ಪೇಷೆಂಟ್ ಮನೇಲಿ ಮಗ್ಗ ಇದೆಯೇನ್ರೀ?” ಮೈಸೂರಿನಿಂದ ಬಂದ ಹುಡುಗರು ಅರ್ಥವಾಗದೆ ತಬ್ಬಿಬ್ಬಾಗುತ್ತಿದ್ದರು.

ಹೊತ್ತು ಸರಿಹೋದ ಮೇಲೆ ಶಶಿಯ ನಿದ್ದೆ ಸರಿಹೋಯಿತು, ಊಟ ಸೇರಿತು. ಎದೆಯ ಡವಡವ ಇಳಿಯಿತು. ಆದರೆ ಹೊಸದಾಗಿ ಬರುವವರು ಒಂದು ತಿಳಿದಿರಬೇಕು. ಮಾತ್ರೆ ಅವಳ ಭಯವನ್ನು ನೇರವಾಗಿ ತೆಗೆಯಲಿಲ್ಲ. ಭಯಪಡಲು ಇದ್ದ ಕಾರಣಗಳನ್ನು ಒಂದೊಂದಾಗಿ ಕಡಿಮೆ ಮಾಡಿತು. ವರ್ಷಗಟ್ಟಲೆ ಬೆಂಚಿನ ಮೇಲೆ ನಿಂತ ಅವಮಾನ ಮಾತ್ರೆಗೆ ಕರಗುವಂಥದ್ದಲ್ಲ. ಅದಕ್ಕೆ ನಾನು ಅವಳ ಜೊತೆ ವಾರವಾರ ಕೂತು ಮಾತಾಡಬೇಕಾಯಿತು. ಅವಳನ್ನು ಇನ್ನು ನಿಲ್ಲಿಸಬೇಡಿ ಎಂದು ಟೀಚರ ಕೈ ಹಿಡಿದು ಕೇಳಬೇಕಾಯಿತು. ಆ ಟೀಚರು ಒಳ್ಳೆಯವರು. ಮಧ್ಯಾಹ್ನ ಅರ್ಧ ಮಾತ್ರೆ ಕೊಡುವ ನೆಪದಲ್ಲಿ ಅವಳನ್ನು ಹತ್ತಿರ ಕೂರಿಸಿಕೊಂಡು ಲೆಕ್ಕ ಹೇಳಿಕೊಡತೊಡಗಿದರು. ಯಾವುದರಿಂದ ಎಷ್ಟು ಉಪಯೋಗವಾಯಿತು ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ.

ಸಂಕ್ರಾಂತಿ ಬಂತು, ಹೋಯಿತು. ಸರಸ್ವತಮ್ಮ ಎಳ್ಳುಬೆಲ್ಲ ಹಿಡಿದುಕೊಂಡು ಬಂದು ಪಿಸುಗುಟ್ಟಿದಳು: “ಅವ್ರು ಏನೂ ಅನ್ಲಿಲ್ಲ ಡಾಕ್ಟ್ರಮ್ಮ. ನಾನೂ ಕೆದಕಕ್ ಹೋಗ್ಲಿಲ್ಲ. ಸಂಜೆ ಆದ್ರೆ ತಾವೇ ಸ್ವಿಚ್ ಆರಿಸ್ತಾರೆ.”

ಏಳನೇ ತರಗತಿಗೆ ಆಗ ಪಬ್ಲಿಕ್ ಪರೀಕ್ಷೆ ಇತ್ತು. ಪರೀಕ್ಷೆ ಶುರುವಾದ ದಿನವೇ ನನ್ನ ದೊಡ್ಡಬಳ್ಳಾಪುರದ ದಿನ. ನಾನು ಕೋಣೆಯ ಬಾಗಿಲು ತೆಗೆಯುತ್ತಿದ್ದಂತೆ ಸರಸ್ವತಮ್ಮ ಸಾಲಿನಲ್ಲಿದ್ದವರನ್ನೆಲ್ಲ ದಾಟಿಕೊಂಡು ಮಗಳನ್ನು ಎಳೆದು ತಂದಳು.

“ಮತ್ತೆ ಶುರುವಾಯ್ತು ಡಾಕ್ಟ್ರಮ್ಮ. ಕೈ ಮುಟ್ಟಿ ನೋಡಿ, ಮಂಜುಗಡ್ಡೆ ಆಗೈತೆ. ಸೆಂಟರ್‌ಗೆ ಹೋಗಕ್ಕೆ ಕಾಲೇ ಬರ್ತಿಲ್ಲ ಇವಳಿಗೆ.”

ಇಷ್ಟು ತಿಂಗಳ ಕೆಲಸ ಇವತ್ತೇ ಕೈಕೊಡಬೇಕೇ? ಶಶಿಯ ಕೈ ಹಿಡಿದೆ. ನಿಜಕ್ಕೂ ತಣ್ಣಗಿತ್ತು. ನಾಡಿ ಬಿರುಸಾಗಿತ್ತು. ಮಾತ್ರೆ ಯಾವಾಗ ಕೊಟ್ಟಿರಿ ಎಂದೆ. ತಿಂಡಿಯಾದ ಮೇಲೆ, ದಿನಾ ಕೊಡುವ ಹೊತ್ತಿಗೆ. ನಿದ್ದೆ? ಚೆನ್ನಾಗಿ ಬಂದಿತ್ತು. ಊಟ? ಮಾಡಿದ್ದಳು. ಹೊರಗೆ ಸೈಕಲ್ ಹಿಡಿದು ನಿಂತಿದ್ದ ವೆಂಕಟೇಶಪ್ಪ ಕಿಟಕಿಯಿಂದ ಇಣುಕಿ, “ಟೈಮಾಯ್ತು ಬಾರಮ್ಮ, ಬೆಲ್ ಹೊಡ್ದ್‌ಬಿಡ್ತಾರೆ” ಎಂದು ಚಡಪಡಿಸುತ್ತಿದ್ದರು.

“ಏನ್ ಭಯ ಆಗ್ತಿದೆ ಶಶಿ?” ಎಂದು ಕೇಳಿದೆ.

ಅವಳು ಹೇಳಿದಳು. “ಮುಂಚೆ ಎಲ್ಲಾ ನಂಗೆ ಏನೂ ಬರ್ತಾನೇ ಇರ್ಲಿಲ್ಲ ಮೇಡಂ. ಈ ಸಲ ಎಲ್ಲಾ ಓದಿದ್ದೀನಿ. ಅಲ್ಲಿ ಹೋಗಿ ಕೂತ್ಕೊಂಡಾಗ ಅದು ಮರ್ತೋಗ್ಬಿಟ್ರೆ?”

ನನ್ನ ಕಣ್ಣು ತುಂಬಿ ಬಂದವು. ರೋಗಿಯ ಮುಂದೆ ಅಳಬಾರದು ಎಂಬುದೂ ಪುಸ್ತಕದಲ್ಲಿದೆ. ನಾನು ಅತ್ತೆ, ನಕ್ಕೆ, ಅವಳ ಕೈ ಉಜ್ಜಿ ಬೆಚ್ಚಗೆ ಮಾಡಿದೆ.

“ಈ ಭಯಕ್ಕೆ ನನ್ ಹತ್ರ ಮಾತ್ರೆ ಇಲ್ಲ ಕಣೇ. ಇವತ್ತು ಆ ಸೆಂಟರಲ್ಲಿ ಓದ್ಕೊಂಡು ಬಂದಿರೋ ಮಕ್ಕಳಿಗೆಲ್ಲಾ ಇದೇ ಭಯ.”

“ಎಲ್ಲರ್ಗೂನಾ?”

“ಎಲ್ಲರ್ಗೂ.”

“ಫಸ್ಟ್ ಬರೋರ್ಗೂ?”

“ಅವರಿಗೇ ಜಾಸ್ತಿ.”

ಶಶಿ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. “ಹಂಗಾದ್ರೆ ಸರಿ,” ಎಂದಳು. ತಾಯಿಯ ಕೈಯಲ್ಲಿದ್ದ ಹಾಲ್ ಟಿಕೆಟ್ ಕಿತ್ತುಕೊಂಡು, ಅಪ್ಪನ ಸೈಕಲ್ಲಿನ ಕಡೆ ಓಡಿದಳು.